ಮೋರಿ ಪುರಾಣದ ಮಂಗಳ

ಸಿರುಗುಪ್ಪದಿಂದ ಹಚ್ಚೊಳ್ಳಿ ಕಡೆಗೆ ಹೋಗುವ ಬಸ್ಸು ಕಾಲುವೆ ದಾಟಿದ ಮೇಲೆ ಒಂದು ಊರಲ್ಲಿ ನಿಲ್ಲುತ್ತಿತ್ತು. ಊರ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿಯವರು ಇವತ್ತಿಗೂ ಜಗಳಕ್ಕೆ ಬರುತ್ತಾರೆ. ಆ ಊರಿನ ದವಾಖಾನೆಯಲ್ಲಿ ಮರಿಬಸಪ್ಪ ಎಂಬ ಕಂಪೌಂಡರ್ ಇದ್ದ. ಸೀಸೆಗೆ ಔಷಧಿ ಬಗ್ಗಿಸುವುದು, ಕಾಗದದ ಪಟ್ಟಿ ಅಂಟಿಸುವುದು, ‘ಅಲುಗಾಡಿಸಿ ಕುಡೀರಿ’ ಅನ್ನುವುದು ಅವನ ಕೆಲಸ. ಉಳಿದ ಹೊತ್ತೆಲ್ಲ ಸಿಟ್ಟು ಮಾಡಿಕೊಳ್ಳುವುದು.

ಎಪ್ಪತ್ತನಾಲ್ಕನೇ ಇಸವಿಯಲ್ಲಿ ಅವನ ಸಿಟ್ಟು ಪೂರ್ತಿ ಒಂದು ಮೋರಿಯ ಮೇಲಿತ್ತು. ಎರ್ರಿಸ್ವಾಮಿ ಸಾವುಕಾರರ ಅಕ್ಕಿ ಗಿರಣಿಯಲ್ಲಿ ಭತ್ತ ನೆನೆಹಾಕಿ ಬೇಯಿಸಿದ ನೀರು ಆ ಮೋರಿಗೆ ಬೀಳುತ್ತಿತ್ತು. ಮೋರಿ ನಡುವೆ ಒಡೆದು, ಹೊಲಸೆಲ್ಲ ಕೆಳಗಿನ ಓಣಿಯ ಬಾವಿಗೆ ಇಂಗುತ್ತಿತ್ತು. ಕೆಳಗಿನ ಓಣಿಯವರಿಗೆ ಬೇರೆ ಬಾವಿ ಇರಲಿಲ್ಲ. ಮೇಲಿನ ಓಣಿಯ ಬಾವಿಗೆ ಅವರನ್ನು ಯಾರು ಬಿಟ್ಟಾರು! ಕೆಳಗಿನ ಓಣಿಯ ಹುಲುಗಮ್ಮ ವಾರ ಬಿಟ್ಟು ವಾರ ಮೊಮ್ಮಗಳನ್ನು ಬಗಲಲ್ಲಿ ಎತ್ತಿಕೊಂಡು ದವಾಖಾನೆಗೆ ಬರುತ್ತಿದ್ದಳು. ಅದೇ ವಾಂತಿ, ಅದೇ ಭೇದಿ, ಅದೇ ಸೀಸೆ.

“ನೀರು ಕಾಸಿ ಕುಡಿಸಬೇಕವ್ವಾ, ಎಷ್ಟು ಸಲ ಹೇಳಲಿ?”

“ಕಾಸಿದ್ರ ನಾತ ಇನ್ನಾ ಹೆಚ್ಚಾಕ್ಕತ್ರಿ. ಕೂಸು ಬಾಯಾಗ ಹಾಕ್ಕೊಳ್ಳವಲ್ದು,” ಅಂದಳು ಹುಲುಗಮ್ಮ.

ಮರಿಬಸಪ್ಪ ಸೀದಾ ಪಂಚಾಯಿತಿ ಚೇರ್ಮನ್ನರ ಮನೆಗೆ ಹೋದ. ಮೋರಿಯ ದಿಕ್ಕು ತಿರುಗಿಸಿ ಹೊಲದ ಬಸಿಗಾಲುವೆಗೆ ಬಿಟ್ಟರೆ ಬಾವಿ ಉಳಿಯುತ್ತದೆ, ಅಷ್ಟೇ ಅವನ ಮಾತು. ಚೇರ್ಮನ್ನರು ಎಲೆ ಅಡಿಕೆ ಜಗಿಯುತ್ತ ಕೇಳಿಸಿಕೊಂಡರು.

“ನೀ ಒಬ್ಬ ಬಂದು ಹೇಳಿದ್ರ ಸಾವುಕಾರ್ರನ್ನ ನಾ ಹೆಂಗ ಎದುರು ಹಾಕ್ಕೊಳ್ಳಲಿ? ದಸರಾ ಆದ ಮ್ಯಾಲೆ ಸೋಮವಾರ ಸಭಾ ಐತಿ. ಊರ ಮಂದಿ ಬಂದು ನಿಂತು ಕೇಳಿದ್ರು ಅಂದ್ರ ಮಾಡಬಹುದು. ಯಾರೂ ಬರಲಿಲ್ಲ ಅಂದ್ರ ಆ ವಿಷಯ ಅಲ್ಲಿಗೇ ಬಿಟ್ಹಾಂಗ.”

ಮಂದಿ ತಾನೇ? ಮಂದಿ ಎಲ್ಲಿ ಸೇರುತ್ತಾರೆಂದು ಮರಿಬಸಪ್ಪನಿಗೆ ಗೊತ್ತಿತ್ತು. ಶ್ರಾವಣ ಪೂರ್ತಿ ಮಠದ ಅಂಗಳದಲ್ಲಿ ಸಂಜೆ ಪುರಾಣ ನಡೆದು, ಆಗ ತಾನೇ ಮುಗಿದಿತ್ತು. ಚಪ್ಪರ ಇನ್ನೂ ಬಿಚ್ಚಿರಲಿಲ್ಲ, ಮೈಕು ಇನ್ನೂ ಇಳಿಸಿರಲಿಲ್ಲ. ಸ್ವಾಮಿಗಳ ಕಾಲಿಗೆ ಬಿದ್ದು, ವಾರಕ್ಕೊಂದು ಸಂಜೆ ಊರ ಹಿತದ ಮೇಲೆ ಮಾತಾಡಲು ಅಪ್ಪಣೆ ಪಡೆದುಕೊಂಡ. ಪುರಾಣ ಹೇಳುವ ಶಾಸ್ತ್ರಿಗಳ ಹಾಗೆ ಪೀಠದ ಮೇಲೆ ಕೂಡುವುದಿಲ್ಲ, ನಿಂತು ಮಾತಾಡುತ್ತೇನೆ ಅಂತಲೂ ಹೇಳಿ ಬಂದ.

ಮೊದಲ ಸಂಜೆ ಮಂದಿ ಬಂದರು, ಗದ್ದಲ ಮಾತ್ರ ನಿಲ್ಲಲಿಲ್ಲ. ಬಾಯಿ ಒಣಗುವ ತನಕ ‘ಸುಮ್ಮನಿರ್ರಿ’ ಅಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಡೆಗೆ ಪುರಾಣಕ್ಕೆ ಹಾರ್ಮೋನಿಯಂ ನುಡಿಸುತ್ತಿದ್ದ ಪಕ್ಕೀರಪ್ಪನನ್ನು ಕರೆದು, “ಒಂದೀಟು ಸ್ವರ ಹಿಡಿಯೋ ಮಾರಾಯ,” ಅಂದ. ಪಕ್ಕೀರಪ್ಪ ಬೆರಳಿಟ್ಟಿದ್ದೇ ತಡ, ಗಂಡಸರು ತಲೆಯ ಪಟಗ ಸರಿಮಾಡಿಕೊಂಡರು, ಹೆಂಗಸರು ಸೆರಗು ಹೊದ್ದರು, ಮಕ್ಕಳೂ ಕೂತರು. ಮರಿಬಸಪ್ಪನಿಗೆ ಆನೆ ಬಲ ಬಂತು. ಅವನು ಕೆಟ್ಟದ್ದು ಅಲ್ಲೇ ನೋಡಿ.

ಮುಂದಿನ ವಾರ ಹೆಂಗಸರು ತೆಂಗಿನಕಾಯಿ ತಂದರು. ಅದರ ಮುಂದಿನ ವಾರ ಯಾರೋ ಊದುಬತ್ತಿ ಹಚ್ಚಿದರು. ಇವನು ಮೋರಿಯ ಹುಳದ ಬಗ್ಗೆ ಹೇಳಿದರೆ ಅವರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. “ಆ ನೀರು ಕುಡಿದ ಕೂಸಿನ ಹೊಟ್ಟಿ ಹೆಂಗಾಗಿರತೈತಿ ಗೊತ್ತೇನು?” ಅಂದರೆ ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಂಡು ‘ಶಿವಶಿವಾ’ ಅನ್ನುತ್ತಿದ್ದರು. ಮುಗಿದ ಮೇಲೆ ಸಾಲುಗಟ್ಟಿ ಬಂದು ಅವನ ಕಾಲು ಮುಟ್ಟಿ, ಬಾಳೆಹಣ್ಣಿನ ಚೂರು ಕಣ್ಣಿಗೊತ್ತಿಕೊಂಡು ಮನೆಗೆ ಹೋಗುತ್ತಿದ್ದರು. ಊರಲ್ಲಿ ಅದಕ್ಕೆ ‘ಮೋರಿ ಪುರಾಣ’ ಅಂತ ಹೆಸರೂ ಬಿತ್ತು, ಚೇಷ್ಟೆಗಲ್ಲ, ಭಕ್ತಿಯಿಂದಲೇ.

“ಸೋಮವಾರ ಪಂಚಾಯಿತಿಗೆ ಬರ್ತೀರಿಲ್ಲೋ?” ಅಂತ ಪ್ರತಿ ಸಲ ಕೇಳುತ್ತಿದ್ದ.

“ಬರ್ತೀವ್ರಿ,” ಅನ್ನುತ್ತಿತ್ತು ಅಂಗಳ ಒಂದೇ ಉಸಿರಿಗೆ. ಪುರಾಣದಲ್ಲಿ ಶಾಸ್ತ್ರಿಗಳು ಏನು ಕೇಳಿದರೂ ಅದೇ ಧಾಟಿಯಲ್ಲಿ ಹೂಂ ಅಂದು ರೂಢಿ.

ಮನೆಯಲ್ಲಿ ಹೆಂಡತಿ ಚನ್ನವೀರಮ್ಮ ಒಂದು ದಿನ ರೊಟ್ಟಿ ಬಡಿಯುತ್ತ ಕೇಳಿಯೇ ಬಿಟ್ಟಳು: “ಮಂದಿ ನಿಮ್ಮ ಮಾತು ಕೇಳಾಕ ಬರ್ತಾರೋ, ಪುಣ್ಯ ಕಟ್ಟಿಕೊಳ್ಳಾಕ ಬರ್ತಾರೋ?”

“ಬಂದ್ರ ಸಾಕು,” ಅಂದ ಮರಿಬಸಪ್ಪ.

ದಸರಾ ಮುಗಿಯಿತು. ಸಭೆಗೆ ಇನ್ನೊಂದೇ ದಿನ, ಭಾನುವಾರ ಕೊನೆಯ ಭಾಷಣ. ಮರಿಬಸಪ್ಪ ಮಠಕ್ಕೆ ಬಂದಾಗ ಅಂಗಳದಲ್ಲಿ ಒಲೆ ಹೂಡಿದ್ದರು. ಹುಗ್ಗಿಯ ಕೊಪ್ಪರಿಗೆ ಕುದಿಯುತ್ತಿತ್ತು. ಚಪ್ಪರಕ್ಕೆ ಹೊಸ ಮಾವಿನ ತೋರಣ ಕಟ್ಟಿತ್ತು. ಎರ್ರಿಸ್ವಾಮಿ ಸಾವುಕಾರರು ರೇಷ್ಮೆ ಶಲ್ಯ ಹೊದ್ದು ಮುಂದಿನ ಸಾಲಿನಲ್ಲಿ ಕೂತಿದ್ದರು. ಇಷ್ಟು ವಾರ ಒಂದು ದಿನವೂ ಈ ಕಡೆ ತಲೆ ಹಾಕದ ಮನುಷ್ಯ!

“ಬರ್ರಿ ಕಂಪೌಂಡರ್ರ,” ಅಂದರು ಎದ್ದು, ಎರಡೂ ಕೈ ಜೋಡಿಸಿ. “ಊರಿಗೆ ಭಾಳ ಚಲೋ ಪುರಾಣ ಹೇಳಿದ್ರಿ. ಮಂಗಳ ನಮ್ಮ ಮನಿತನದಿಂದ ಆಗಲಿ ಅಂತ ಸ್ವಾಮಿಗಳನ್ನ ಕೇಳಿಕೊಂಡೆ.”

ಸಾವುಕಾರರ ಆಟ ಮರಿಬಸಪ್ಪನಿಗೆ ತಿಳಿಯಿತು. ಮಂಗಳ ಅಂದರೆ ಮುಗಿಯಿತು. ಆರತಿ ಎತ್ತಿ, ಪ್ರಸಾದ ಉಂಡು ಎದ್ದ ಮೇಲೆ ಆ ಪುರಾಣವನ್ನು ಮತ್ತೆ ಎತ್ತುವ ಹಾಗಿಲ್ಲ; ಎತ್ತಿದರೆ ಊರಿಗೆ ಕೇಡು ಎಂಬುದು ಎಲ್ಲರ ನಂಬಿಕೆ. ಮೈಯೆಲ್ಲ ಉರಿಯಿತು. ‘ಇದು ಪುರಾಣ ಅಲ್ರೀ, ನಿಮ್ಮ ಗಿರಣಿ ಹೊಲಸು’ ಎಂಬ ಮಾತು ನಾಲಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಪಕ್ಕೀರಪ್ಪ ಹಾರ್ಮೋನಿಯಂ ಹಿಡಿದ. ಮುನ್ನೂರು ಮಂದಿ ಎದ್ದು ಕೈ ಮುಗಿದರು. ಸಾವುಕಾರರು ಸುಗಂಧರಾಜದ ಹಾರ ಎತ್ತಿದರು. ಸುಡುಗಾಡು ಕುತ್ತಿಗೆ! ಹಾರ ಕಂಡದ್ದೇ ತಾನಾಗಿ ಬಗ್ಗಿತು.

ಆರತಿ ಆಯಿತು, ಹುಗ್ಗಿ ಆಯಿತು. ಎಲ್ಲರೂ ಹೊಟ್ಟೆ ಸವರಿಕೊಳ್ಳುತ್ತ, ‘ಇಂಥಾ ಮಂಗಳ ಶ್ರಾವಣದಾಗೂ ಆಗಿರಲಿಲ್ಲ’ ಅನ್ನುತ್ತ ಮನೆಗೆ ಹೋದರು.

ಸೋಮವಾರ ಮರಿಬಸಪ್ಪ ಪಂಚಾಯಿತಿ ಕಟ್ಟೆಯ ಮೇಲೆ ಒಬ್ಬನೇ ನಿಂತ. ಹಾದು ಹೋಗುವವರನ್ನು ಕೂಗಿ ಕರೆದ. ಒಬ್ಬ ಎತ್ತು ನಿಲ್ಲಿಸಿ, ನಿಜವಾಗಿಯೂ ಅರ್ಥವಾಗದೆ ಕೇಳಿದ: “ನಿನ್ನೆ ಮಂಗಳ ಆತಲ್ರಿ? ಮತ್ತೇನೈತಿ?” ಒಳಗೆ ಚೇರ್ಮನ್ನರು ವಿಷಯ ಓದಿಸಿದರು, ಬಾಗಿಲ ಕಡೆ ಒಮ್ಮೆ ನೋಡಿದರು, ಮುಂದಿನ ವಿಷಯಕ್ಕೆ ಹೋದರು. ಅಷ್ಟು ಸಂಜೆ ಗಂಟಲು ಹರಿದುಕೊಂಡದ್ದೆಲ್ಲ ಹಾಳಾಗಿ ಹೋಯಿತು. ಮರಿಬಸಪ್ಪ ಮೆಟ್ಟಿಲ ಮೇಲೆ ಕುಸಿದು ಕೂತು ತಲೆ ಚಚ್ಚಿಕೊಂಡ. ಊರಿಗೆ ಬೈದ, ಸಾವುಕಾರರಿಗೆ ಬೈದ, ಬಗ್ಗಿದ ತನ್ನ ಕುತ್ತಿಗೆಗೂ ಬೈದ.

ಹುಲುಗಮ್ಮ ಮೊಮ್ಮಗಳನ್ನು ಎತ್ತಿಕೊಂಡು ದವಾಖಾನೆಗೆ ಹೊರಟವಳು ಅವನನ್ನು ಕಂಡು ನಿಂತಳು.

“ಮುಗೀತವ್ವಾ,” ಅಂದ ಮರಿಬಸಪ್ಪ. “ಒಬ್ಬರೂ ಬರಲಿಲ್ಲ. ಮಂಗಳ ಆತಂತ.”

“ಯಾರಿಗೆ ಆತ್ರಿ ಮಂಗಳ? ನಾವು ವಾರಾವಾರಾ ಮಠದ ಗ್ವಾಡಿ ಹೊರಗ ಬೇವಿನ ಗಿಡದ ಕೆಳಗ ಕುಂತು ಮೈಕಿನಾಗ ಕೇಳಿದವ್ರು. ಆರತಿ ಗ್ವಾಡಿ ದಾಟಿ ಬರಲಿಲ್ಲ. ಹುಗ್ಗೀನೂ ಬರಲಿಲ್ಲ. ನಮ್ಗ ಮಂಗಳ ಆಗಿಲ್ಲ.”

ಮರಿಬಸಪ್ಪ ಅವರ ಬಾವಿಯ ಮಾತನ್ನು ಅಷ್ಟು ವಾರ ಆಡಿದ್ದ. ಒಂದು ಸಲವೂ ಗೋಡೆಯಾಚೆ ಹೋಗಿ, ನೀವು ಬರ್ತೀರಾ ಅಂತ ಕೇಳಿರಲಿಲ್ಲ. ‘ಊರ ಮಂದಿ’ ಅಂದಾಗ ಅವನ ಕಣ್ಣಿಗೆ ಬಂದದ್ದು ಅಂಗಳದ ಒಳಗೆ ಕೂತವರು ಮಾತ್ರ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಅದೇ ಸಂಜೆ ಕೆಳಗಿನ ಓಣಿಗೆ ಹೋದ. ಮೈಕಿಲ್ಲ, ಹಾರ್ಮೋನಿಯಂ ಇಲ್ಲ. ಬಾವಿಕಟ್ಟೆಯ ಸುತ್ತ ಓಣಿಯೇ ನೆರೆದಿತ್ತು. ಮೂಗಿಗೆ ಹೊಡೆಯುವ ನಾತಕ್ಕೆ ಟವೆಲ್ಲು ಅಡ್ಡ ಹಿಡಿದುಕೊಂಡು ನಿಂತು, ಅಭ್ಯಾಸದಂತೆ ಗಂಟಲು ಸರಿಮಾಡಿಕೊಂಡ.

“ಮಹಾಜನಗಳೇ, ನೀರು ಅಂದರೆ ಏನು? ನೀರೇ ಜೀವ...”

“ಅದನ್ನ ಬಿಡ್ರಿ,” ಅಂದಳು ಹುಲುಗಮ್ಮ. “ನೀರು ಎಂಥಾದ್ದು ಅಂತ ನಮ್ಗ ಗೊತ್ತೈತಿ. ಮುಂದಿನ ಸಭಾ ಯಾವತ್ತು, ಅದಷ್ಟು ಹೇಳ್ರಿ.”