ಹುಸೇನ್‌ಬಿಯ ಹೆಸರಿನ ನಂಬರು

ಶರೀಫಾ, ನಿನ್ನ ತಾಯಿ ಹುಸೇನ್‌ಬಿ ಸತ್ತ ಸಂಗತಿಯನ್ನು ಸರ್ಕಾರದಿಂದ ಮುಚ್ಚಿಟ್ಟವನು ನಾನು, ನೀನಲ್ಲ. ಮೂರು ವರ್ಷ ಅವಳನ್ನು ಕಾಗದದ ಮೇಲೆ ಜೀವಂತವಾಗಿಟ್ಟೆ. ಅದಕ್ಕೆ ಅವಳ ಫೋನು, ನಿನ್ನ ದನಿ, ಕಡೆಗೆ ನಿನ್ನನ್ನೇ — ಇರಲಿ, ಮೊದಲಿನಿಂದ ಹೇಳುತ್ತೇನೆ.

ಸಿಂಧನೂರಿನ ಜನ ನನ್ನನ್ನು ಆಡಿಟರ್ ಸಾಹೇಬ್ರು ಎನ್ನುತ್ತಾರೆ. ನಾನು ಆಡಿಟರ್ ಅಲ್ಲ, ಅವರಿವರ ಜಿಎಸ್‌ಟಿ ಅರ್ಜಿ ತುಂಬಿಕೊಡುವವನು. ಕೇಳಲು ಹಿತವಾಗಿತ್ತು, ಯಾರನ್ನೂ ತಿದ್ದಲಿಲ್ಲ. ನೀವಿಬ್ಬರು ಮಸ್ಕಿಯಿಂದ ಬಸ್ಸಿನಲ್ಲಿ ಬಂದ ದಿನ ನಿನ್ನ ತಾಯಿಯ ಮಡಿಲಲ್ಲಿ ಕೌದಿಯ ಗಂಟಿತ್ತು. ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಅವಳು ಹೊಲಿದ ಆ ಹೊದಿಕೆಗಳ ಫೋಟೊ ತೆಗೆದು ನೀನು ಆನ್‌ಲೈನಿನಲ್ಲಿ ಮಾರುತ್ತಿದ್ದೆ. ಕರ್ನಾಟಕದೊಳಗೆ ಇರುವವರೆಗೆ ತಕರಾರಿರಲಿಲ್ಲ. ಹೈದರಾಬಾದಿನವರು, ಪುಣೆಯವರು ಕೇಳತೊಡಗಿದಾಗ ಆ ಆನ್‌ಲೈನ್ ಕಂಪನಿ ತಡೆಯಿತು: ಹೊರರಾಜ್ಯಕ್ಕೆ ಮಾರುವುದಾದರೆ ಜಿಎಸ್‌ಟಿ ನಂಬರು ಬೇಕು, ತೆರಿಗೆಯನ್ನು ಮಾರುವವರೇ ವಸೂಲಿ ಮಾಡಿ ಕಟ್ಟಬೇಕು.

"ನಾ ಕೌದಿ ಹೊಲಿಯಾಕಿ. ಪುಣೆದ ಸರ್ಕಾರಕ್ಕ ನಾ ಯಾಕ ವಸೂಲಿ ಮಾಡಿಕೊಡಬೇಕ್ರಿ ಸಾಹೇಬ್ರ?" ಎಂದು ನಿನ್ನ ತಾಯಿ ನಕ್ಕಳು. ನಗು ಕೆಮ್ಮಾಯಿತು. ಅರ್ಜಿಗೆ ಎಡಗೈಯಲ್ಲಿ ಸಹಿ ಮಾಡಿದಳು. ಅವಳು ಎಡಚಿ, ಅವಳ ಕೌದಿಯ ಹೊಲಿಗೆ ಎಲ್ಲರದಕ್ಕಿಂತ ಉಲ್ಟಾ ಸುತ್ತಿ ಬರುತ್ತದೆಂದು ನೀನು ಹೆಮ್ಮೆಯಿಂದ ತೋರಿಸಿದೆ. "ನಂಗ ಇದು ಬರಂಗಿಲ್ರಿ, ನಂದು ಬಲಗೈ," ಎಂದೆ ನೀನು.

ನಂಬರು ಬಂದ ದಿನ ನಾನು ನಿನ್ನ ತಾಯಿಗೆ ಫೋನ್ ಮಾಡಿದೆ, ಬೀಗಿಕೊಂಡೇ ಮಾಡಿದೆ. ನೀನು ಎತ್ತಿದೆ. "ಅಮ್ಮಿ ಮೊನ್ನೆ ತೀರಿಕೊಂಡ್ಳು ಸಾಹೇಬ್ರ. ಇವತ್ತು ಮೂರನೇ ದಿನದ ಜಿಯಾರತ್ ಐತಿ."

ಮಾಲೀಕರು ಸತ್ತರೆ ಆ ನಂಬರು ರದ್ದಾಗಬೇಕು. ನಿನ್ನ ಹೆಸರಿನಲ್ಲಿ ಹೊಸ ಅರ್ಜಿ ಹಾಕಬೇಕು. ನಿನ್ನ ಆಧಾರಿನಲ್ಲಿ ಹೆಸರು ಒಂದು ಥರ, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು ಥರ, ತಿದ್ದುಪಡಿಗೆ ಅಲೆಯಬೇಕು. ನನಗೆ ಬೇಸರ ಬಂತು. ಬೇಸರ — ಅಷ್ಟೇ, ಶರೀಫಾ. ಇದಕ್ಕಿಂತ ದೊಡ್ಡ ಕಾರಣ ಇರಬಹುದೇನೋ ಎಂದು ಎಷ್ಟೋ ಸಲ ಹುಡುಕಿದ್ದೇನೆ, ಸಿಕ್ಕಿಲ್ಲ.

"ನಿಮ್ಮಮ್ಮ ಸತ್ತಿದ್ದು ಸರ್ಕಾರಕ್ಕ ಗೊತ್ತಿಲ್ಲ. ನಾವ್ಯಾಕ ಹೇಳಬೇಕು? ಮರಣ ಪತ್ರ ಮಾಡಸಬ್ಯಾಡ. ಆಕಿ ಫೋನ್ ನಿನ್ ಕಡೆ ಇರ್ಲಿ. ಒಟಿಪಿ ಬಂದಾಗ ಹೇಳು, ಸಾಕು," ಎಂದೆ.

ನೀನು ಕೇಳಿದೆ, "ಯಾರರ ಅಮ್ಮೀನ ಕೇಳಿದ್ರ?"

"ನಾನ ಹುಸೇನ್‌ಬಿ ಅನ್ನು."

ಹಾಗೆಂದು ಫೋನಿಟ್ಟು ಚಹಾ ಕುಡಿಯಲು ಹೋದೆ. ಅದೂ ನೆನಪಿದೆ.

ತಿಂಗಳು ತಿಂಗಳು ತೆರಿಗೆಯ ಲೆಕ್ಕ ಸಲ್ಲಿಸುವಾಗ ಸತ್ತವಳ ಫೋನಿಗೆ ಒಟಿಪಿ ಹೋಗುತ್ತಿತ್ತು, ನೀನು ಓದಿ ಹೇಳುತ್ತಿದ್ದೆ. ಮೊದಮೊದಲು ನಿನ್ನ ದನಿಯಲ್ಲೇ. ಕೆಲವು ತಿಂಗಳಾದ ಮೇಲೆ ಅಂಕಿಗಳಿಗೆ ಮೊದಲು ಸಣ್ಣದೊಂದು ಕೆಮ್ಮು ಕೇಳತೊಡಗಿತು — ನೆಗಡಿ ಇರಬೇಕು ಅಂದುಕೊಂಡೆ. ಆಮೇಲೆ "ಬರಕೋರಿ ಸಾಹೇಬ್ರ" ಎಂಬ ಆ ಎಳೆತ. ಅದು ನಿನ್ನ ತಾಯಿಯದು. ನನಗೆ ಗೊತ್ತಾಗಿತ್ತು. ಗೊತ್ತಾಗಿಯೂ ಅಂಕಿ ಬರೆದುಕೊಂಡೆ.

ಹೋದ ತಿಂಗಳು ಅರ್ಜಿಯಲ್ಲಿ ಅಂಗಡಿ ಎಂದು ತೋರಿಸಿದ್ದ ನಿಮ್ಮ ಮನೆ ನೋಡಲು ಲಿಂಗಸುಗೂರಿನಿಂದ ತೆರಿಗೆ ಅಧಿಕಾರಿಯೊಬ್ಬರು ಬಂದರು. ನಾನೂ ಮಸ್ಕಿಗೆ ಬಂದೆ. ನಡುಮಧ್ಯಾಹ್ನ, ಓಣಿಯಲ್ಲಿ ನಾಯಿಯೂ ಇರಲಿಲ್ಲ. ಹುಸೇನ್‌ಬಿಯ ಹೆಸರು, ಜಿಎಸ್‌ಟಿ ನಂಬರು ನಾನೇ ಬರೆಸಿ ಹಾಕಿಸಿದ್ದ ಬೋರ್ಡಿನ ಕೆಳಗೆ, ಬಾಗಿಲ ಪಕ್ಕ ನಿನ್ನ ತಾಯಿ ಕೂರುತ್ತಿದ್ದ ಜಾಗದಲ್ಲಿ, ಅವಳ ಕನ್ನಡಕ ಹಾಕಿಕೊಂಡು ನೀನು ಹೊಲಿಯುತ್ತಿದ್ದೆ.

"ಹುಸೇನ್‌ಬಿ ಯಾರು?"

"ನಾನ ರೀ."

ಅವರು ಹುಸೇನ್‌ಬಿಯ ಆಧಾರ್ ಕಾರ್ಡು ನೋಡಿದರು, ನಿನ್ನನ್ನು ನೋಡಿದರು. ಆಧಾರ್ ಫೋಟೊದಲ್ಲಿ ಯಾರೂ ತಮ್ಮಂತೆ ಇರುವುದಿಲ್ಲ. ನೀನು, ಇಪ್ಪತ್ತೈದರ ಹುಡುಗಿ, ಅದರಂತೆಯೇ ಇದ್ದೆ. ಅವರು ಫೋಟೊ ತೆಗೆದುಕೊಂಡು ಹೋದರು.

"ಶಾಭಾಷ್ ಶರೀಫಾ! ಅವ್ರು ಹೋದ್ರು, ಇನ್ನ ಸಾಕು ಬೇ," ಎಂದೆ. ನೀನು ತಲೆ ಎತ್ತಲಿಲ್ಲ. ಮತ್ತೆ ಕರೆದೆ. ಸೂಜಿ ನಿಲ್ಲಲಿಲ್ಲ. ಆಗ ನೋಡಿದೆ — ಸೂಜಿ ಎಡಗೈಯಲ್ಲಿತ್ತು. ಯಾಕೆ ಹಾಗೆ ಮಾಡಿದೆನೋ, ಮೆಲ್ಲಗೆ "ಹುಸೇನ್‌ಬೀ" ಎಂದೆ.

"ಹಾಂ, ಹೇಳ್ರಿ ಸಾಹೇಬ್ರ," ಎಂದು ನೀನು ತಲೆ ಎತ್ತಿದೆ.

ಹೊರಗೆ ಬಂದಾಗ ಪಕ್ಕದ ಮನೆಯಾಕೆ ನನ್ನನ್ನು ತಡೆದಳು. "ಆ ಹುಡುಗಿ ಒಬ್ಬಾಕಿನ ಇರ್ತಾಳ್ರಿ. ಆದ್ರ ಮಧ್ಯಾಹ್ನ ಆದ್ರ ಸಾಕು, ಒಳಗ ಇಬ್ರು ಮಾತಾಡ್ತಿದ್ರು. ಈಗೀಗ ಒಬ್ಬಾಕಿದಾ ದನಿ ಕೇಳ್ತೈತಿ. ಹುಡುಗೀದಲ್ರಿ."

ಆ ದಿನದಿಂದ ಊಟ ರುಚಿಸಿಲ್ಲ. ನಂಬರು ರದ್ದು ಮಾಡುವ ಅರ್ಜಿ ತೆರೆದೆ. ಕಾರಣಗಳ ಪಟ್ಟಿಯಲ್ಲಿ ಒಂದು, ಮಾಲೀಕರ ಮರಣ. ಒಂದು ಸಲ ಒತ್ತುವ ಕೆಲಸ, ಮೂರು ವರ್ಷದಿಂದ ಅಲ್ಲೇ ಇತ್ತು. ನಿನಗೆ ಹೇಳಿಯೇ ಮಾಡೋಣವೆಂದು ನಿನ್ನೆ ಬೆಳಿಗ್ಗೆ ಫೋನ್ ಮಾಡಿದೆ.

"ಶರೀಫಾ, ನಾ ಮಾತಾಡಾಕತ್ತೀನಿ."

"ಶರೀಫಾ ಇಲ್ರಿ ಸಾಹೇಬ್ರ," ಎಂದಿತು ಆ ದನಿ. "ಆಕಿ ಹೋಗಿ ಮೂರು ವರ್ಷ ಆತು." ಸಣ್ಣಗೆ ಕೆಮ್ಮಿ, "ಒಟಿಪಿ ಬಂದೈತೇನು ನೋಡ್ಲೇನ್ರಿ?"

ನಾನು ಫೋನಿಟ್ಟೆ. ಹೆದರಿಯೇ ಇಟ್ಟೆ — ನಿನ್ನನ್ನು ಅಲ್ಲಿಯೇ ಬಿಟ್ಟು.

ನಾಳೆ ಮೊದಲ ಬಸ್ಸಿಗೆ ಮಸ್ಕಿಗೆ ಬರುತ್ತೇನೆ. ಹುಸೇನ್‌ಬಿ ಸತ್ತ ದಿನ ಯಾವುದು, ಅದನ್ನು ಮುಚ್ಚಿಟ್ಟವನು ಯಾರು ಎಂದು ಅಧಿಕಾರಿಗಳ ಮುಂದೆ ನಾನೇ ಬರೆದುಕೊಡುತ್ತೇನೆ. ನನ್ನ ಕೆಲಸ ಹೋಗುತ್ತದೆ, ಹೋಗಲಿ. ಆದರೆ ಅದಕ್ಕೂ ಮೊದಲು ಆ ಬೋರ್ಡು ಇಳಿಸಿ, ನಿನ್ನ ಬಾಗಿಲಲ್ಲಿ ನಿಂತು ನಿನ್ನ ಹೆಸರು ಹಿಡಿದು ಕೂಗುತ್ತೇನೆ. ಇನ್ಯಾವ ಹೆಸರೂ ನನ್ನ ಬಾಯಿಂದ ಬರುವುದಿಲ್ಲ. ಶರೀಫಾ, ನೀನು ಓ ಅನ್ನುವವರೆಗೆ ಅಲ್ಲೇ ನಿಂತಿರುತ್ತೇನೆ.