ಹತ್ತು ಹೇಂಟೆ, ಒಂದು ಹುಂಜ

ನನ್ನ ಅತ್ತೆಯವರ ಬಲಗೈ ತುಂಬ, ಮಣಿಕಟ್ಟಿನಿಂದ ಮೊಣಕೈವರೆಗೆ, ಕೋಳಿ ಕೆರೆದ ಗೀರುಗಳಿದ್ದವು. ಹಳೆಯವು ಬಿಳಿಚಿ ಹೋಗಿದ್ದವು, ಹೊಸವು ಕೆಂಪಗೆ ಎದ್ದು ಕಾಣುತ್ತಿದ್ದವು. ಅರಿಷಿಣ ಹಚ್ಚಲು ಹೋದರೆ ಕೈ ಜಾಡಿಸಿಬಿಡುತ್ತಿದ್ದರು. "ಬಿಡ ಬೇ, ಹುಲಿ ಪರಚೇತೇನು?"

ನಾನು ಝಳಕಿಗೆ ಸೊಸೆಯಾಗಿ ಬಂದಾಗ ಹಿತ್ತಿಲಲ್ಲಿ ಹತ್ತು ಹೇಂಟೆ, ಒಂದು ಹುಂಜ ಇದ್ದವು. ಮರಿಗಳು ಬಲಿತು ಲೆಕ್ಕ ಮೀರಿದ ಕೂಡಲೇ ಹೆಚ್ಚಿನವನ್ನು ಅತ್ತೆ ಸಂತೆಗೆ ಒಯ್ಯುತ್ತಿದ್ದರು. ಎಲ್ಲಕ್ಕೂ ಬೇವಿನ ನೆರಳು ಸಾಲಬೇಕು, ಕೆದರಲು ನೆಲ ಸಾಲಬೇಕು, ಒಂದು ಜಡ್ಡಾಗಿ ಮೂಲೆ ಹಿಡಿದರೆ ಅದೇ ದಿನ ತಮಗೆ ತಿಳಿಯಬೇಕು. ಅವರ ನಿಯಮ ಇಷ್ಟೇ.

ಪಕ್ಕದ ಮನೆಯಲ್ಲಿದ್ದ ಕಾಕಾ, ಅಂದರೆ ನನ್ನ ಮಾವನವರ ತಮ್ಮ, ಒಂದೂ ಬೇಡ ಎನ್ನುತ್ತಿದ್ದರು. ಅಂಗಳದಲ್ಲಿ ಹರವಿದ ಅವರ ಜೋಳಕ್ಕೆ ಕೋಳಿಗಳು ಬಾಯಿ ಹಾಕುತ್ತಿದ್ದವು. ನನ್ನ ಗಂಡನಿಗೆ ನೂರು ಬೇಕಿತ್ತು. ಎಷ್ಟಿದ್ದರೂ ಕೊಳ್ಳುತ್ತೇನೆಂದು ಹೆದ್ದಾರಿಯ ಧಾಬಾದವನು ಕಿವಿ ತುಂಬಿದ್ದ. ಅತ್ತೆ ಇಬ್ಬರ ಮಾತೂ ಕೇಳಲಿಲ್ಲ.

ಒಂದು ಬೇಸಿಗೆಯಲ್ಲಿ ಅವರು ದೇವಣಗಾಂವದ ತಂಗಿಯ ಮನೆಗೆ ಹೋದಾಗ, ನನ್ನ ಗಂಡ ಟೆಂಪೋ ತುಂಬ ಕೋಳಿ ತಂದು ಹಿತ್ತಿಲಿಗೆ ಬಿಟ್ಟರು. ಅತ್ತೆ ಮರಳಿ ಬಂದಾಗ ಉರಿಬಿಸಿಲು. ಕೋಳಿಗಳು ಕೊಕ್ಕು ತೆರೆದು ತೇಕುತ್ತಿದ್ದವು, ಒಂದರ ಬೆನ್ನನ್ನೊಂದು ರಕ್ತ ಬರುವಂತೆ ಕುಕ್ಕುತ್ತಿದ್ದವು. ಅತ್ತೆ ಕೈಚೀಲ ಇಳಿಸಿ, ಓಣಿಯ ಹೆಂಗಸರನ್ನೆಲ್ಲ ಕೂಗಿ ಕರೆದರು.

"ನಿಮ್ಮ ಅಂಗಳ ಎಷ್ಟ ತಾಳತೈತಿ, ಅಷ್ಟ ಹಿಡ್ಕೊಂಡು ನಡೀರಿ."

"ಯವ್ವಾ, ಧಾಬಾದವಗ ಮಾತು ಕೊಟ್ಟೇನಿ!" ಎಂದು ನನ್ನ ಗಂಡ ಅಡ್ಡ ಬಂದರು.

"ನನ್ನ ಕೇಳಿ ಕೊಟ್ಟಿದ್ದೇನು?"

ಸಂಜೆಯ ಹೊತ್ತಿಗೆ ಓಣಿಯ ಮನೆಮನೆಯಲ್ಲೂ ಕೋಳಿ. ಕಾಕಾ ಧೋತರ ಎತ್ತಿ ಹಿಡಿದು ಓಡಿ ಬಂದರು. "ಏನ್ರಿ ವೈನಿ, ಇನ್ನ ನಾ ಯಾರ ಯಾರ ಮನಿಗೆ ಹೋಗಿ ಜಗಳಾಡ್ಲಿ?"

"ಜಗಳ ಯಾಕ್ರಿ? ಜ್ವಾಳಾ ಮಾಳಗಿ ಮ್ಯಾಲ ಒಣಗಹಾಕ್ರಿ."

ನನ್ನ ಎರಡನೆಯ ಹೆರಿಗೆಯಲ್ಲಿ ಜೀವ ಉಳಿದದ್ದೇ ಹೆಚ್ಚು. ಮತ್ತೆ ಬಸುರಾಗುವುದು ಬೇಡವೆಂದು ಡಾಕ್ಟರು ಹೇಳಿ ಕಳಿಸಿದ್ದರು. ಎರಡನೆಯದೂ ಹೆಣ್ಣು. ಕೂಸು ಮನೆಗೆ ಬಂದು ತಿಂಗಳು ತುಂಬುವುದರೊಳಗೆ ಕಾಕಾ ಬಂದು ಕಟ್ಟೆಯ ಮೇಲೆ ಕೂತರು. "ಇನ್ನೊಂದು ಆಗ್ಲಿ. ಮನಿತನಕ್ಕ ಒಂದು ಗಂಡು ಬ್ಯಾಡೇನು?" ನನ್ನ ಗಂಡ ತಲೆ ತಗ್ಗಿಸಿದರು. ನಾನು ಕೂಸನ್ನು ಎದೆಗವುಚಿಕೊಂಡು ಬಾಗಿಲ ಮರೆಯಲ್ಲಿ ನಿಂತಿದ್ದೆ.

ಹಿತ್ತಿಲಿನಿಂದ ಅತ್ತೆ ಬಂದರು. ಕೈಯೆಲ್ಲ ತೌಡು. "ಹೊರಾಕಿ ಆಕಿ, ಹೆರಾಕಿ ಆಕಿ, ಹೋದ್ರ ಜೀವಾನೂ ಆಕೀದ. ಎಷ್ಟು ಅಂತ ಹೇಳಾಕ ನೀವ್ಯಾರ್ರಿ?" ಎಂದವರು ನನ್ನತ್ತ ತಿರುಗಿದರು. "ನಿನಗ ಇನ್ನ ಬೇಕೇನು? ನೀ ಹೇಳು."

ಆ ಮನೆಯಲ್ಲಿ ಯಾರಾದರೂ ನನ್ನನ್ನು ಕೇಳಿದ್ದು ಅದೇ ಮೊದಲು.

"ಬ್ಯಾಡ್ರಿ ಅತ್ತಿ."

"ಆತು. ಮುಗೀತು."

ಆಪರೇಷನ್ನಿಗೆ ಅವರೇ ನನ್ನನ್ನು ಬಸ್ಸಿನಲ್ಲಿ ಇಂಡಿಗೆ ಕರೆದೊಯ್ದರು. "ಮನಿಯವ್ರು ಯಾರೂ ಬಂದಿಲ್ಲೇನ್ರಿ?" ಎಂದಳು ನರ್ಸು, ನನ್ನ ಗಂಡನನ್ನು ಹುಡುಕುತ್ತ. ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ನಿಂತರು. "ನಾ ಬಂದೇನಲ್ಲ. ನಾ ಏನ್ ಓಣಿಯಾಕಿ ಏನು?"

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಹೆಣ ಎತ್ತುವ ಹೊತ್ತಿಗೆ ಕಾಕಾ, "ಒಬ್ಬ ಮೊಮ್ಮಗ ಇದ್ದಿದ್ರ ಹೆಗಲು ಕೊಡ್ತಿದ್ದ" ಎಂದು ನಿಟ್ಟುಸಿರಿಟ್ಟರು. ನನ್ನ ದೊಡ್ಡ ಮಗಳು ವೇಲನ್ನು ಸೊಂಟಕ್ಕೆ ಬಿಗಿದು ಬಂದು ಚಟ್ಟಕ್ಕೆ ಹೆಗಲು ಕೊಟ್ಟಳು. ಇನ್ನೊಂದು ಬದಿಗೆ ಚಿಕ್ಕವಳು ಬಂದಳು. "ಹೆಣ್ಣುಡುಗ್ರು ಹೊರಬಾರ್ದವಾ," ಎಂದು ಕಾಕಾ ಬಾಗಿಲಿಗೆ ಅಡ್ಡ ನಿಂತರು.

"ದಾರಿ ಬಿಡ್ರಿ ಕಾಕಾ," ಎಂದೆ.

ಅವರು ಸರಿದು ನಿಂತರು.