ಫಾಂಟ್ ಕಿತ್ತು ಮುಚ್ಚಿಟ್ಟ ಪಟ್ಟಿ

ಮನೆಗೆ ಬಂದು ನೋಡಿದರೆ ಮೇಜಿನ ಮೇಲೆ ಮಾನಿಟರ್ ಮಾತ್ರ ಇತ್ತು. ಸಿಪಿಯು ಇರಲಿಲ್ಲ.

ಎರಡು ದಿನದಿಂದ ಹ್ಯಾಂಗ್ ಆಗುತ್ತಿತ್ತಲ್ಲ, ಕಂಪ್ಯೂಟರ್ ಕ್ಲಾಸಿನ ಮಲ್ಲು ಬಂದು ಫಾರ್ಮ್ಯಾಟ್ ಮಾಡಲು ಒಯ್ದ ಅಂತ ನಮ್ಮ ಮನೆಯವರು ಆರಾಮಾಗಿ ಹೇಳಿದರು. ಹೇಳಿ ಮತ್ತೆ ಪೇಪರ್ ಓದತೊಡಗಿದರು.

ನಾನು ಬಂದ ಚಪ್ಪಲಿಯಲ್ಲೇ ಹೊರಗೆ ಓಡಿದೆ.

ಇದು ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು, ಅಂಗಡಿಯಲ್ಲಿ ಇನ್ನೂ ಫ್ಲಾಪಿ ಸಿಗುತ್ತಿದ್ದ ಕಾಲ. ನಾನಾಗ ಸಿಂದಗಿಯಲ್ಲಿ ಎಚ್‌ಐವಿ ಪರೀಕ್ಷೆಗೆ ಬರುವವರ ಜೊತೆ ಕೂತು ಮಾತಾಡುವ ಕೌನ್ಸೆಲರ್. ಇಂಡಿ, ಚಡಚಣದಿಂದಲೂ ಬರುತ್ತಿದ್ದರು... ತಮ್ಮೂರ ಕಡೆ ಯಾರಾದರೂ ನೋಡಿಯಾರು ಅಂತ ಬಸ್ ಹತ್ತಿ ದೂರ ಬಂದವರು.

ಯಾರನ್ನು ಮತ್ತೆ ಯಾವಾಗ ಕರೆಯಬೇಕು, ಯಾರು ಹೆಂಡತಿಗೆ ಇನ್ನೂ ಹೇಳಿಲ್ಲ, ಇದೆಲ್ಲ ನೆನಪಿರಲಿ ಅಂತ ಮನೆಯ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಇಟ್ಟಿದ್ದೆ.

ಇಡಬಾರದಿತ್ತು. ಆಫೀಸಿನಲ್ಲಿ ಕರೆಂಟ್ ಇರುತ್ತಿರಲಿಲ್ಲ ಎಂಬುದು ನೆಪ, ತಪ್ಪು ನನ್ನದೇ.

ಮನೆಯಲ್ಲಿ ಗೇಮ್ ಆಡುವ ಮಕ್ಕಳು, ಹಾಡು ಕೇಳುವ ಮೈದುನ. ಫೋಲ್ಡರ್ ಹಿಡನ್ ಮಾಡಿದರೆ ಮೈದುನ ಎರಡೇ ನಿಮಿಷಕ್ಕೆ ಹುಡುಕಿ ತೆಗೆಯುತ್ತಿದ್ದ. ಅದಕ್ಕೇ ನಾನೊಂದು ಶಾಣ್ಯಾತನ ಮಾಡಿದ್ದೆ.

ಆಗಿನ ಕನ್ನಡ ಫಾಂಟ್ ನೆನಪಿದೆಯಲ್ಲ? ಅದು ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಕನ್ನಡದ ಬದಲು ಏನೇನೋ ಹುಚ್ಚುಚ್ಚು ಚಿಹ್ನೆ ಕಾಣುತ್ತಿತ್ತು. ನಾನು ಪಟ್ಟಿಯ ಕೆಲಸ ಮುಗಿದ ಕೂಡಲೇ ಆ ಫಾಂಟನ್ನೇ ಅಳಿಸಿಬಿಡುತ್ತಿದ್ದೆ. ಫಾಂಟ್ ಇದ್ದ ಫ್ಲಾಪಿ ಅಡುಗೆಮನೆಯಲ್ಲಿ, ಜೋಳದ ಹಿಟ್ಟಿನ ಡಬ್ಬಿಯ ಹಿಂದೆ. ಇಡೀ ಮನೆಗೆ ನಾನೇ ಜಾಣೆ ಅಂತ ಒಳಗೊಳಗೇ ಬೀಗಿದ್ದೂ ಉಂಟು.

ಬಸ್ ಸ್ಟ್ಯಾಂಡ್ ಹತ್ತಿರ ಮಲ್ಲು ನಡೆಸುತ್ತಿದ್ದ ಕಂಪ್ಯೂಟರ್ ಕ್ಲಾಸಿಗೆ ಓಡುವಾಗ ಅರ್ಧ ದಾರಿಯಲ್ಲಿ ಹೊಳೆಯಿತು... ಆ ಫ್ಲಾಪಿ ಕೊಟ್ಟವನೇ ಮಲ್ಲು. ಅವನ ಎಲ್ಲ ಕಂಪ್ಯೂಟರಿನಲ್ಲೂ ಅದೇ ಫಾಂಟ್!

ಪಟ್ಟಿಯಲ್ಲಿದ್ದ ಒಬ್ಬರ ಹೆಸರು ಹೊರಬಿದ್ದರೂ ಅವರಿಗೆ ಬಾಡಿಗೆ ಮನೆ ಸಿಗದು, ಚಹಾದ ಅಂಗಡಿಯಲ್ಲಿ ಕಪ್ ಸಿಗದು, ಮಕ್ಕಳಿಗೆ ಸಂಬಂಧ ಬಾರದು. ನಮ್ಮ ಕಡೆ ಆಗ ಹಾಗಿತ್ತು.

ಮಲ್ಲು (ಹೆಸರು ಬದಲಿಸಿದ್ದೇನೆ) ಒಬ್ಬನೇ ಕೂತಿದ್ದ. ನಮ್ಮ ಫೈಲುಗಳನ್ನೆಲ್ಲ ತನ್ನ ಕಂಪ್ಯೂಟರಿಗೆ ಕಾಪಿ ಮಾಡಿಕೊಂಡು ಫಾರ್ಮ್ಯಾಟ್ ಮುಗಿಸಿದ್ದ. ನನ್ನ ಫೋಲ್ಡರನ್ನು ಸಿಡಿಗೆ ಹಾಕಿಕೊಟ್ಟು, ನಿನ್ನಲ್ಲಿರುವುದನ್ನು ಈಗಲೇ ಅಳಿಸು ಅಂದೆ. ಅಳಿಸಿದ. ರೀಸೈಕಲ್ ಬಿನ್ ಕೂಡ ಖಾಲಿ ಮಾಡಿದ.

ನೋಡಿದೆಯಾ ಅಂತ ಕೇಳಬೇಕು, ಬಾಯಿ ಬರುತ್ತಿಲ್ಲ. ಅವನೂ ನನ್ನ ಮುಖ ನೋಡುತ್ತಿಲ್ಲ.

"ಅಕ್ಕಾರ, ಬರೋಬರ ಕಾಪಿ ಆಗ್ಯಾವೋ ಇಲ್ಲೋ ಅಂತ ತೆರದು ನೋಡಿದ್ನಿರಿ. ಅದರಾಗ ನಮ್ಮ ಅಣ್ಣನ ಹೆಸರೈತಿ. ಹೆಂಡತಿಗೆ ಹೇಳಿಲ್ಲ ಅಂತ ಬರದೀರಿ."

ನಾನು ಸಿಡಿಯನ್ನು ಎದೆಗೆ ಅವುಚಿಕೊಂಡೆ.

"ವೈನಿ ಐದ ತಿಂಗಳ ಬಸರಿ ಅದಾರ್ರಿ. ನೀವರ ಅವರಿಗೆ ಹೇಳಬಾರದಿತ್ತೇನ್ರಿ?"

ಆಕೆ ಬಸುರಿ ಎಂಬುದೇ ನನಗೆ ಗೊತ್ತಿರಲಿಲ್ಲ! ಹೆಂಡತಿಯನ್ನು ಪರೀಕ್ಷೆಗೆ ಕರೆದುಕೊಂಡು ಬಾ ಅಂದಾಗಲೆಲ್ಲ, ತವರಿಗೆ ಹೋಗಿದ್ದಾಳೆ ಅನ್ನುತ್ತಿದ್ದ ಅವನು. ಮನೆಯಲ್ಲಿ ಗೊತ್ತಾದರೆ ನಾನು ಉಳಿಯುವುದಿಲ್ಲ ಅಂತ ನನ್ನ ಮುಂದೆ ಅತ್ತಿದ್ದ. ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಟ್ಟವಳು ನಾನು.

ಆದರೆ ತಾಯಿಗೆ ಸಮಯಕ್ಕೆ ಔಷಧಿ ಕೊಟ್ಟರೆ ಮಗುವಿಗೆ ಸೋಂಕು ತಗುಲದಂತೆ ತಡೆಯಲು ಇನ್ನೂ ಸಾಧ್ಯವಿತ್ತು.

"ನನಗ ಹೇಳಾಕ ಬರಂಗಿಲ್ಲ ತಮ್ಮಾ. ನೀನೂ ಊರಾಗ ಬಾಯಿ ಬಿಡಬ್ಯಾಡ. ಇವತ್ತ ಹೋಗಿ ಅಣ್ಣನ ಜೊತಿ ಕುಂತು ಮಾತಾಡು" ಅಂದೆ.

ಮುಂದಿನ ಎಂಟು ದಿನ ಅನ್ನ ಸೇರಲಿಲ್ಲ. ಫೋನ್ ಬಂದಾಗಲೆಲ್ಲ, ಮಲ್ಲುವಿನ ಅಣ್ಣ ಏನಾದರೂ ಮಾಡಿಕೊಂಡನೇ ಎಂಬ ಭಯ.

ಒಂಬತ್ತನೇ ದಿನ ಮಲ್ಲು, ಅವನ ಅಣ್ಣ, ಅತ್ತಿಗೆ ಮೂವರೂ ಬಂದರು. ಆಕೆ ಒಳಗೆ ಬಂದು ನನ್ನೆದುರು ಕೂತಳು, ಆತ ಹೊರಗಿನ ಬೆಂಚಿನಲ್ಲಿ ತಲೆ ತಗ್ಗಿಸಿದ್ದ. ಆಕೆಗೂ ಸೋಂಕು ಇತ್ತು.

ಔಷಧಿಯಾಯಿತು, ಹೆರಿಗೆಯಾಯಿತು. ಒಂದೂವರೆ ವರ್ಷದ ಮೇಲೆ ಮಗುವಿನ ಪರೀಕ್ಷೆ ಮಾಡಿದಾಗ ಏನೂ ಇಲ್ಲ ಅಂತ ಬಂತು. ಅವತ್ತು ನಾನು ಆಫೀಸಿನಲ್ಲೇ ಅತ್ತುಬಿಟ್ಟೆ.

ಆತ ಮಾತ್ರ ನಮ್ಮ ಕಡೆ ಬರುವುದನ್ನೇ ಬಿಟ್ಟ. ಗುಳಿಗೆಗೂ ಬರಲಿಲ್ಲ. ಹೇಳಿ ಕಳಿಸಿದೆ, ಕೊನೆಗೆ ಮನೆಗೇ ಹೋದೆ. ಬಾಗಿಲಲ್ಲೇ ನಿಲ್ಲಿಸಿ ಒಂದೇ ಮಾತು ಅಂದ.

"ನಿಮ್ಮನ್ನ ನಂಬಿ ಹೇಳಿದ್ನಿರಿ."

ಮಗಳಿಗೆ ಮೂರು ವರ್ಷ ತುಂಬುವ ಮೊದಲೇ ತೀರಿಕೊಂಡ.

ಆ ಹುಡುಗಿ ಈಗ ಕಾಲೇಜಿಗೆ ಹೋಗುತ್ತಾಳೆ. ಬಜಾರಿನಲ್ಲಿ ಕಂಡರೆ ಆಂಟಿ ಅಂತ ಓಡಿ ಬಂದು ಕೈ ಹಿಡಿಯುತ್ತಾಳೆ, ಅವಳ ಪಾಲಿಗೆ ನಾನು ಅವಳನ್ನು ಉಳಿಸಿದವಳು.

ಅವಳ ಅಪ್ಪ ನಂಬಿ ಹೇಳಿದ್ದನ್ನು ನಾನು ಕಾಪಾಡಲಿಲ್ಲ ಅಂತ ಅವಳಿಗೆ ಹೇಳಬೇಕೇ? ನೀವಾಗಿದ್ದರೆ ಹೇಳುತ್ತಿದ್ದಿರಾ?